ಮೂರನೇ ಪೋರ್ಷನ್ನಿನ ಗಂಗರತ್ನಮ್ಮ

"ಮನೆ ನೋಡಕ್ಕೆ ಬರೋ ಗಂಡಸ್ರು ಗೋಡೆ ತಟ್ತಾರೆ, ಸೂರು ನೋಡ್ತಾರೆ, ಹೆಂಚು ಮಾಲೂರಿಂದಾ ಬೇರೆ ಕಡೇದಾ ಅಂತ ಕೇಳ್ತಾರೆ. ಹೆಂಗಸ್ರು ಹಂಗಲ್ಲ. ಅವ್ರು ಸೀದಾ ಬಾವಿ ಹತ್ರ ಬರ್ತಾರೆ. ಬಾಯಾರಿಕೆ ಅಂತಾರೆ. ಒಂದು ಚೊಂಬು ನೀರು ಕೊಟ್ರೆ ಅರ್ಧ ಕುಡ್ದು, ಸೆರಗಲ್ಲಿ ಬಾಯಿ ಒರೆಸ್ಕೊಂಡು, ಗಂಡ ದೂರ ಇದಾನಾ ಅಂತ ನೋಡ್ಕೊಂಡು, ಮೆಲ್ಲಗೆ ಕೇಳ್ತಾರೆ. 'ಅಕ್ಕಾ, ಈ ಮನೆ ಆಗಿಬರುತ್ತಾ?' ಅಂತ. ಆ ಒಂದು ಮಾತು ಕೇಳಕ್ಕೇ ಅವ್ರು ಬಂದಿರೋದು. ಸುಣ್ಣ, ಹೆಂಚು, ಬಾಗಿಲು, ಅದೆಲ್ಲಾ ಆಮೇಲೆ.

"ನಾನು ಮದುವೆಯಾಗಿ ಈ ಊರಿಗೆ ಬಂದಾಗ ಮನೆ ಮಾರೋದು ಅಂದ್ರೆ ತಾಳಿ ಮಾರ್ದಂಗೆ. ಯಾರೂ ಬಾಯಿಬಿಟ್ಟು ಹೇಳ್ತಿರ್ಲಿಲ್ಲ. ಆಮೇಲೆ ಉಳೋನಿಗೇ ಭೂಮಿ ಅಂತ ಕಾನೂನು ಬಂತು ನೋಡಿ, ಮೇಲಿನ ಬೀದಿಯವ್ರ ಗದ್ದೆಯೆಲ್ಲಾ ಉಳೋರ ಪಾಲಾಯ್ತು. ಗಾಡಿ ಮೇಲೆ ಬರ್ತಿದ್ದ ಭತ್ತ ನಿಂತೋಯ್ತು. ಈ ಕಡೆ ಹಳ್ಳಿಯೋರ ಕೈಗೆ ಮಾವಿನಕಾಯಿ ದುಡ್ಡು, ರೇಷ್ಮೆಗೂಡಿನ ದುಡ್ಡು ಬಂತು. ಅವ್ರಿಗೆ ಮಕ್ಕಳ ಓದಿಗೆ ಊರಲ್ಲೊಂದು ಮನೆ ಬೇಕು. ಇವ್ರಿಗೆ ಊರು ಬಿಟ್ರೆ ಸಾಕು. ಮಾರೋರು ನಾಚ್ಕೊಂಡು ಮಾರಿದ್ರು, ಕೊಳ್ಳೋರು ಹೆದರ್ಕೊಂಡು ಕೊಂಡ್ರು. ಮೊದ್ಲು ಇಡೀ ಮನೆ. ಆಮೇಲೆ ಕೋಲಾರದಲ್ಲಿ ಹೊಸದು ಶುರುವಾಯ್ತು, ವಠಾರಾನ ಬಿಡಿ ಬಿಡಿಯಾಗಿ ಮಾರೋದು. ಗೋಡೆ ಈಚೆ ಮಗ್ಗುಲು ನಿಂದು, ಆಚೆ ಮಗ್ಗುಲು ಅವ್ನದು, ಬಾವಿ ಎಲ್ರದ್ದು. ಅರ್ಧ ಹಸು ಕೊಂಡಂಗೆ ಅಂತ ನಾವು ನಗ್ತಿದ್ವಿ. ನಕ್ಕಿದ್ದು ಸ್ವಲ್ಪ ದಿನ. ಆಮೇಲೆ ನಂಗೂ ಆ ಅರ್ಧ ಹಸು ಬೇಕು ಅನ್ನಿಸ್ತು."

ಗಂಗರತ್ನಮ್ಮ ಹೀಗೆ ಹೇಳುವಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮಾತು ಒಂದು ಕಡೆ, ಮೊರದಲ್ಲಿನ ಕಾಳು ಒಂದು ಕಡೆ. ಮುಳಬಾಗಿಲಿನ ಮೇಲಿನ ಬೀದಿಯಲ್ಲಿ ಪ್ರಹ್ಲಾದರಾಯರ ವಠಾರವೆಂದರೆ ಆಗ ಎಲ್ಲರಿಗೂ ಗೊತ್ತು. ಮುಂದೆ ರಾಯರು, ಅವರ ಹೆಂಡತಿ ಸುಂದರಾಬಾಯಿ ಇದ್ದ ದೊಡ್ಡ ಮನೆ. ಪಕ್ಕದ ಓಣಿಯಲ್ಲಿ ನುಗ್ಗಿದರೆ ಹಿಂದೆ ಅಂಗಳ, ಅಂಗಳದ ನಡುವೆ ಬಾವಿ, ಬಾವಿಯ ಎದುರು ಸಾಲಾಗಿ ಬಾಡಿಗೆ ಪೋರ್ಷನ್ನುಗಳು. ಮೂರನೆಯದು ಗಂಗರತ್ನಮ್ಮನದು. ನಡುಮನೆ ಒಂದು, ಅಡುಗೆಮನೆ ಒಂದು, ಮುಂದೆ ಇಬ್ಬರು ಕೂರುವಷ್ಟು ಜಗುಲಿ. ದೇವರಾಯಸಮುದ್ರದ ರಾಗಿ ಹೊಲದವರ ಮನೆಯಲ್ಲಿ ಹುಟ್ಟಿದವಳು, ಮದುವೆಯಾಗಿ ಈ ಪೋರ್ಷನ್ನಿಗೇ ಬಂದಳು. ಗಂಡ ಕೋದಂಡರಾಮಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದ. ಸುಗ್ಗಿಯಲ್ಲಿ ಅಲ್ಲೇ ಉಳಿಯುವನು, ವಾರಕ್ಕೊಮ್ಮೆ ಬಂದು ತಲೆಗೆ ಎಣ್ಣೆ ಹಾಕಿಸಿಕೊಂಡು ಹೋಗುವನು. ಹೆಚ್ಚು ಮಾತಿನವನಲ್ಲ. ಹೆಂಡತಿ ಎರಡೂ ಪಾಲು ತಾನೇ ಆಡಿಬಿಡುತ್ತಾಳೆ, ತನಗೆಲ್ಲಿ ಉಳಿಯುತ್ತದೆ ಎನ್ನುತ್ತಿದ್ದ.

ಅವರಿಗೆ ಮಕ್ಕಳು ನಿಲ್ಲಲಿಲ್ಲ. ಮೊದಲನೆಯದು ಹುಟ್ಟುವಾಗಲೇ ಉಸಿರೆತ್ತಲಿಲ್ಲ. ಎರಡನೆಯದು ಹೆಣ್ಣುಕೂಸು. ಜ್ವರ ಬಂತು, ಕೋಲಾರದ ಆಸ್ಪತ್ರೆಗೆ ಒಯ್ಯಬೇಕೆಂದು ಬಸ್ಸಿಗೆ ಕಾದು ನಿಂತಿದ್ದಾಗ ತಾಯಿಯ ತೋಳಿನಲ್ಲೇ ತಣ್ಣಗಾಯಿತು. ಈ ಮಾತನ್ನು ಗಂಗರತ್ನಮ್ಮ ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ವಠಾರದವರಿಗೆ ಗೊತ್ತಿತ್ತು, ಅವರೂ ಎತ್ತುತ್ತಿರಲಿಲ್ಲ.

ಬೀದಿಯಲ್ಲಿ ಮನೆಗಳು ಕೈ ಬದಲಾಯಿಸತೊಡಗಿದ ಮೇಲೆ ಅವಳ ಮಾತಿಗೆ ಒಂದು ತೂಕ ಬಂತು. ಯಾವ ಮನೆ ನೋಡಲು ಬಂದ ಹೆಂಗಸಾದರೂ ನೀರು ಕುಡಿಯಲು ರಾಯರ ವಠಾರದ ಬಾವಿಗೇ ಬರುವಳು. ಅದು ಆ ಬೀದಿಯ ಸಿಹಿನೀರಿನ ಬಾವಿ. ಗಂಗರತ್ನಮ್ಮ ಇದ್ದದ್ದನ್ನು ಇದ್ದಂತೆ ಹೇಳುವಳು.

"ಆ ಮನೇಲಿ ಮೂರು ಬಾಣಂತನ ನೋಡಿದೀನಮ್ಮ. ಮಕ್ಕಳೆಲ್ಲಾ ಗುಂಡುಕಲ್ಲಿನಂಗಿದಾರೆ. ತಗೊಳ್ಳಿ."

"ಎದುರುಮನೇಲಿ ಜಗಳ ಜಾಸ್ತಿ ಅಂತಾರಲ್ಲಕ್ಕಾ?"

"ಜಗಳ ಮನೇದಲ್ಲ, ಅತ್ತೇದು. ಅವರನ್ನ ಮಗ ಬೆಂಗಳೂರಿಗೆ ಕರ್ಕೊಂಡು ಹೋಗ್ತಾನೆ. ಜಗಳಾನೂ ಅವರ ಜೊತೆ ಬಸ್ಸು ಹತ್ತುತ್ತೆ."

ದಲ್ಲಾಳಿಗಳು ಇದನ್ನು ಗಮನಿಸಿದರು. ಒಬ್ಬ ಕಾಫಿಪುಡಿ ಕಳಿಸಿದ, ಇನ್ನೊಬ್ಬ ರವಿಕೆ ಕಣ ಕಳಿಸಿದ. ಎರಡೂ ಹಿಂದಕ್ಕೆ ಹೋದವು. ಕೊಳ್ಳುವವರ ಕಡೆಯಿಂದಲೂ ಏನೂ ಮುಟ್ಟಲಿಲ್ಲ. ಅದಕ್ಕೇ ಪಕ್ಕದ ಪೋರ್ಷನ್ನಿನ ಅನಸೂಯಮ್ಮ ಅವಳನ್ನು ಹಂಗಿಸುತ್ತಿದ್ದಳು. "ನಿನ್ನ ನಾಲಿಗೆ ಮೇಲೆ ಸಾವಿರಗಟ್ಟಲೆ ವ್ಯಾಪಾರ ನಡೀತಿದೆ ಕಣೇ, ನೀನು ಮಾತ್ರ ಸಾರಿಗೆ ಹುಣಸೆಹಣ್ಣು ಕಡ ಕೇಳಕ್ಕೆ ನಮ್ಮನೆಗೆ ಬರ್ತೀಯ."

"ಕೊಡ್ತೀಯೋ ಇಲ್ವೋ ಹೇಳು."

"ಕೊಡ್ದೆ ಏನು. ನಾಳೆ ನಮ್ಮನೆ ಆಗಿಬರಲ್ಲ ಅಂದ್ಬಿಟ್ರೆ?"

ಅವಳ ತವರು ಎಂದು ಉಳಿದಿದ್ದವನು ಚನ್ನರಾಯಪ್ಪ ಒಬ್ಬನೇ. ಬೈರಕೂರಿನ ದೊಡ್ಡಮ್ಮನ ಮಗ. ಹೆತ್ತವರು ತೀರಿಕೊಂಡ ಮೇಲೆ ಪ್ರತಿ ಗೌರಿಹಬ್ಬಕ್ಕೂ ತಪ್ಪದೆ ಅವನೇ ಅರಿಶಿನ ಕುಂಕುಮ ತರುತ್ತಿದ್ದ. ಮಳೆ ಬರಲಿ, ಬಸ್ಸು ತಪ್ಪಲಿ, ಬಂದೇ ಬರುವನು. ಬಾಣಂತನ ಎರಡೂ ಕಹಿಯಾದಾಗ ಬೈರಕೂರಿನಿಂದ ಬಂದು ಬಾಗಿಲಲ್ಲಿ ಕೂತು ಅತ್ತವನು ಅವನು. ಸತ್ತ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದವನೂ ಅವನೇ. ಹಾಗಿರುವಾಗ ಅವನನ್ನು ಅವಳು ದೊಡ್ಡಮ್ಮನ ಮಗ ಎಂದು ಹೇಳಿದ್ದೇ ಇಲ್ಲ. ನಮ್ಮಣ್ಣ ಎನ್ನುತ್ತಿದ್ದಳು.

ಮೊದಲು ತರಕಾರಿ ವ್ಯಾಪಾರ ಮಾಡುತ್ತಿದ್ದ. ಬದನೆಕಾಯಿ ಕೊಳೆತರೆ ಎಸೆಯಬೇಕು, ಮನೆ ಕೊಳೆಯುವುದಿಲ್ಲ ಎಂದು ಹೇಳಿ ಮನೆ ದಲ್ಲಾಳಿಯಾದ. ಬಿಳಿ ಅಂಗಿ ಬಂತು, ಲೂನಾ ಬಂತು. ಯಾರು ಮಾರುತ್ತಾರೆ, ಯಾರ ತೋಟ ಈ ಸಲ ಚೆನ್ನಾಗಿ ಹಿಡಿದಿದೆ, ಯಾರ ಮಗಳಿಗೆ ಗಂಡು ಗೊತ್ತಾಗಿದೆ, ಎಲ್ಲ ಅವನ ನಾಲಿಗೆಯ ತುದಿಯಲ್ಲಿ.

ಎಂಬತ್ತೊಂದರ ಗೌರಿಹಬ್ಬಕ್ಕೆ ಬಂದವನು ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಳೆ, ತೆಂಗಿನಕಾಯಿ ಇಟ್ಟು ಜಗುಲಿಯಲ್ಲಿ ಕೂತ. ಗಂಗರತ್ನಮ್ಮ ಒಬ್ಬಟ್ಟು ಬಡಿಸಿದಳು.

"ರತ್ನಾ, ರಾಯರು ವಠಾರ ಮಾರ್ತಾರಂತೆ. ಗೊತ್ತಾಯ್ತಾ?"

"ಸುಂದರಾಬಾಯಿಯವ್ರು ಹೇಳಿದ್ರು. ಬೆಂಗಳೂರಲ್ಲಿ ಮಹಡಿ ಮೇಲೆ ಮಹಡಿ ಕಟ್ಟಿ ಮಾರ್ತಾರಂತಲ್ಲ, ಅದನ್ನ ಒಂದು ನೋಡಿದಾರಂತೆ. ಫ್ಲಾಟು ಅಂತಾರಂತೆ. ನೆಲಾನೂ ನಮ್ದಲ್ಲ, ಸೂರೂ ನಮ್ದಲ್ಲ ಕಣೇ, ನಡುವಿನ ಗಾಳಿಗೆ ದುಡ್ಡು ಕೊಡೋದು ಅಂತ ನಗ್ತಿದ್ರು."

"ಅವ್ರು ನಗ್ತಾರೆ. ನೀವೆಲ್ಲಾ ಎಲ್ಲಿಗೆ ಹೋಗ್ತೀರ?"

ಗಂಗರತ್ನಮ್ಮನ ಕೈ ನಿಂತಿತು. ಈ ಪ್ರಶ್ನೆ ಕೆಲವು ದಿನಗಳಿಂದ ಅವಳ ಎದೆಯಲ್ಲೇ ಇತ್ತು. ಬೇರೆ ಬಾಡಿಗೆ ಮನೆ ಸಿಗದೆ ಏನಿಲ್ಲ. ಆದರೆ ಅವಳಿಗೆ ಈ ಮನೆ ಬೇಕಾಗಿತ್ತು. ಮಗಳು ಬದುಕಿದ್ದ ಅಷ್ಟು ದಿನಗಳೂ ಮಲಗಿದ್ದು ಈ ನಡುಮನೆಯ ತೊಲೆಗೆ ಕಟ್ಟಿದ ಜೋಲಿಯಲ್ಲಿ. ಆ ತೊಲೆ ಇನ್ನೊಬ್ಬರ ಪಾಲಾಗುವುದನ್ನು ಅವಳು ನೆನೆಸಿಕೊಳ್ಳಲೂ ಆರಳು. ಗಂಡನ ದುಡಿಮೆಯಲ್ಲಿ ಉಳಿಸಿದ್ದು ಸ್ವಲ್ಪ ಇತ್ತು, ತಾಯಿಯ ಕಡೆಯ ಚಿನ್ನ ಇತ್ತು. ಒಂದು ಪೋರ್ಷನ್ನಿನ ಆಗಿನ ಬೆಲೆಗೆ ಅದು ಹತ್ತಿರ ಹತ್ತಿರ ಬರುತ್ತಿತ್ತು.

"ಬಿಡಿಯಾಗಿ ಮಾರ್ತಾರಾ ಅಣ್ಣಾ? ಕೋಲಾರದಲ್ಲಿ ಮಾರ್ದಂಗೆ?"

"ಅದನ್ನೇ ಹೇಳಕ್ಕೆ ಬಂದೆ. ಒಂದೇ ಪಾರ್ಟಿಗೆ ಹೋದ್ರೆ ನೀವೆಲ್ಲಾ ಬೀದಿಗೆ. ಬಿಡಿಯಾಗಿ ಮಾರಿಸ್ತೀನಿ. ಮೊದಲನೇ ರಿಜಿಸ್ಟ್ರಿ ನಿನ್ನ ಹೆಸರಿಗೆ." ಅವನು ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದ. "ತಗೋ. ಈ ಸಲ ತವರಿನ ಅರಿಶಿನ ಕುಂಕುಮ ಅಂದ್ರೆ ಈ ಮನೆ ಅಂತ್ಲೇ ತಿಳ್ಕೋ."

ಅವಳು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಒಳಗೆ ಹೋಗಿ ಚಿನ್ನದ ಗಂಟು ತಂದು ಮುಂಗಡ ಎಂದು ಇಟ್ಟಾಗ ಚನ್ನರಾಯಪ್ಪ ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡ. "ತಂಗಿ ಹತ್ರ ಮುಂಗಡ ತಗೊಂಡ ಅಂತ ಊರವ್ರು ಉಗೀಲಿ ಅಂತಲಾ? ಎತ್ತಿಡು. ರಿಜಿಸ್ಟ್ರಿ ದಿನ ಕೊಡುವಂತೆ."

ಕೋದಂಡರಾಮಪ್ಪ ಆ ವಾರ ಬಂದಾಗ ವಿಷಯ ಕೇಳಿ, ಒಂದು ಕಾಗದ ಮಾಡಿಸಿಕೊಳ್ಳೋಣವೇ ಎಂದ. ಗಂಗರತ್ನಮ್ಮನಿಗೆ ಕೋಪ ಬಂತು. ಅರಿಶಿನ ಕುಂಕುಮ ಕೊಟ್ಟು ಆಡಿದ ಮಾತಿಗೆ ಯಾರಾದರೂ ಛಾಪಾ ಕಾಗದ ಕೇಳುತ್ತಾರೆಯೇ. ಮಂಡಿಯಲ್ಲಿ ತೂಕ ಹಾಕಿ ಹಾಕಿ ನಿಮಗೆ ಮನುಷ್ಯರ ಮೇಲೂ ನಂಬಿಕೆ ಹೋಗಿದೆ ಎಂದಳು. ಅವನು ಎಣ್ಣೆಯ ಬಟ್ಟಲು ತಂದು ತಲೆ ಬಗ್ಗಿಸಿ ಕೂತ.

ಆಮೇಲೆ ಒಂದು ದಿನ ಬೆಳಿಗ್ಗೆ ಚನ್ನರಾಯಪ್ಪನ ಲೂನಾ ಓಣಿಯಲ್ಲಿ ನಿಂತಿತು. ಒಳಗೆ ಬರಲಿಲ್ಲ, ಬಾವಿಯ ಹತ್ತಿರವೇ ನಿಂತು ಮಾತಾಡಿದ.

"ರಾಯಲ್ಪಾಡಿಂದ ಒಂದು ಪಾರ್ಟಿ ಬರ್ತಿದೆ. ಬೇರೆ ದಲ್ಲಾಳಿ ಕರ್ಕೊಂಡು ಬರ್ತಿದಾನೆ. ಆಂಜಿನಪ್ಪ ಅಂತ, ಮಾವಿನ ತೋಟದವ್ರು. ಇಡೀ ವಠಾರ ಒಂದೇ ಸಲ ತಗೊಳ್ಳೋ ಶಕ್ತಿ ಇದೆ. ಅವ್ರು ತಗೊಂಡ್ರೆ ನಿನ್ನ ಮನೆ ಹೋಯ್ತು."

"ಏನ್ಮಾಡದು ಅಣ್ಣಾ?"

"ಅವನ ಹೆಂಡ್ತಿ ಬಸುರಿ ಮಗಳನ್ನ ಕರ್ಕೊಂಡು ಬರ್ತಾಳೆ. ಮಗಳಿಗೇ ಅಂತ ಈ ಮನೆ ನೋಡ್ತಿರೋದು. ಬಾವಿ ಹತ್ರ ಬಂದು ನಿನ್ನ ಕೇಳ್ತಾಳಲ್ಲ, ಹೇಳು."

"ಏನು ಹೇಳ್ಲಿ? ಆಗಿಬರಲ್ಲ ಅಂತ ಸುಳ್ಳು ಹೇಳ್ಲಾ?"

"ಸುಳ್ಳು ಯಾರು ಹೇಳು ಅಂದ್ರು?" ಅವನು ನೆಲ ನೋಡುತ್ತ ನಿಂತ. "ಆಗಿದ್ದು ಹೇಳು. ನಿಂಗೆ ಆಗಿದ್ದು."

ಗಂಗರತ್ನಮ್ಮನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಬಾವಿಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ಹೇಳಿದವನು ಆ ಕೂಸನ್ನು ಹೊತ್ತವನು. ಅವನಿಗೆ ನೋವಾಗದೆ ಈ ಮಾತು ಬಂದಿರಲಾರದು ಎಂದುಕೊಂಡಳು. ಬೇರೆ ದಾರಿಯಿಲ್ಲದೆ ಹೇಳುತ್ತಿದ್ದಾನೆ ಎಂದುಕೊಂಡಳು. ಸುಳ್ಳಂತೂ ಅಲ್ಲ ಎಂದುಕೊಂಡಳು.

ರಾಯಲ್ಪಾಡಿನವರು ಬಂದರು. ಆಂಜಿನಪ್ಪ ರಾಯರ ಜೊತೆ ಮುಂದಿನ ಮನೆಯಲ್ಲಿ ತೊಲೆ ನೋಡುತ್ತಿದ್ದ. ಅವನ ಹೆಂಡತಿ ವೆಂಕಟರತ್ನಮ್ಮ, ಮೂಗಿನ ಎರಡೂ ಕಡೆ ಬೇಸರಿ ಹಾಕಿದ್ದ ದಪ್ಪ ಹೆಂಗಸು, ಏಳು ತಿಂಗಳ ಬಸುರಿ ಮಗಳ ಕೈಹಿಡಿದು ಬಾವಿಯ ಕಟ್ಟೆಗೆ ಬಂದಳು.

"ಏಮಕ್ಕಾ, ಒಂಚೂರು ನೀಳ್ಳು ಇಸ್ತಾವಾ?" ಎಂದು ತೆಲುಗಿನಲ್ಲಿ ನೀರು ಕೇಳಿ, ಕುಡಿದು, "ಸಕ್ಕರೆ ಇದ್ದಂಗಿದೆ ನೀರು" ಎಂದಳು. ಆಮೇಲೆ ಎಲ್ಲರಂತೆ ದನಿ ತಗ್ಗಿಸಿದಳು. "ನಮ್ಮ ಅಮ್ಮಾಯಿಗೆ ಚೊಚ್ಚಲು. ಇಲ್ಲೇ ಬಾಣಂತನ ಮಾಡೋಣ ಅಂತ. ಆಗಿಬರುತ್ತಾ ಅಕ್ಕಾ?"

ಗಂಗರತ್ನಮ್ಮ ಆ ಹುಡುಗಿಯ ಮುಖ ನೋಡಲಿಲ್ಲ. ಬಾವಿಯ ಹಗ್ಗ ನೋಡುತ್ತ ಹೇಳಿದಳು. "ನಂಗೆ ಎರಡಾಯ್ತಮ್ಮ ಈ ಮನೇಲಿ. ಎರಡೂ ನಿಲ್ಲಲಿಲ್ಲ."

ಅಷ್ಟೇ ಹೇಳಿದ್ದು. ವೆಂಕಟರತ್ನಮ್ಮ ಮಗಳ ಹೊಟ್ಟೆಯ ಮೇಲೆ ಸೆರಗು ಎಳೆದು ಮುಚ್ಚಿದಳು. "ಅಯ್ಯೋ ದೇವುಡಾ" ಎಂದು ಮೆಲ್ಲಗೆ ಅಂದಳು. ಗಂಗರತ್ನಮ್ಮನ ಕೆನ್ನೆ ಸವರಿ, ಮಗಳನ್ನು ಕರೆದುಕೊಂಡು ಓಣಿಯಿಂದ ಆಚೆ ನಡೆದಳು. ಆಂಜಿನಪ್ಪ ಮುಂಗಡ ಕೊಡದೆ ಹೋದ.

ಇಷ್ಟು ವರ್ಷ ಬೇರೆಯವರ ಮನೆಯ ಬಗ್ಗೆ ಹೇಳುವಾಗ ಅವಳಿಗೆ ಅದರಲ್ಲಿ ಏನೂ ಬೇಕಾಗಿರಲಿಲ್ಲ. ಈ ಸಲ ಬೇಕಾಗಿತ್ತು. ಆ ವ್ಯತ್ಯಾಸ ಅವಳಿಗೆ ತಿಳಿಯಿತು. ಅವತ್ತು ಊಟ ಸೇರಲಿಲ್ಲ.

ಮಾತು ಊರು ಸುತ್ತಿತು. ಮಾತಿಗೆ ಮೂರನೇ ಪೋರ್ಷನ್ನು, ನಾಲ್ಕನೇ ಪೋರ್ಷನ್ನು ಎಂಬ ಗೋಡೆ ಇರುವುದಿಲ್ಲ. ರಾಯರ ವಠಾರವೇ ಆಗಿಬರುವುದಿಲ್ಲವಂತೆ ಎಂದಾಯಿತು. ಅಲ್ಲಿ ಯಾವ ಕೂಸೂ ಉಳಿಯುವುದಿಲ್ಲವಂತೆ ಎಂದಾಯಿತು. ಅನಸೂಯಮ್ಮನ ಮೂರು ಮಕ್ಕಳು ಅದೇ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ನಮ್ಮ ಮಕ್ಕಳು ದೆವ್ವಗಳೇನೇ?" ಎಂದು ಅನಸೂಯಮ್ಮ ಬಟ್ಟೆ ಒಗೆಯುತ್ತ ಕೇಳಿದಳು. "ಏನಂತ ಹೇಳ್ದೆ ನೀನು ಆ ಬೇಸರಿಯವ್ಳಿಗೆ?"

"ಇದ್ದದ್ದು ಹೇಳ್ದೆ."

"ಇಪ್ಪತ್ತು ವರ್ಷದಿಂದ ನಂಗೇ ಹೇಳದೇ ಇದ್ದದ್ದನ್ನ ಅವಳಿಗೆ ಹೇಳ್ದೆ." ಅನಸೂಯಮ್ಮ ಬಟ್ಟೆಯನ್ನು ಕಲ್ಲಿಗೆ ಎರಡೇಟು ಜೋರಾಗಿಯೇ ಬಡಿದಳು. ಮತ್ತೆ ಕೇಳಲಿಲ್ಲ.

ನೋಡಲು ಬರುವವರು ನಿಂತರು. ಬಂದ ಒಬ್ಬಿಬ್ಬರೂ ಅರ್ಧ ಬೆಲೆಗೆ ಕೇಳಿದರು. ರಾಯರು ಬೆಂಗಳೂರಿನ ಫ್ಲಾಟಿಗೆ ಮುಂಗಡ ಕೊಟ್ಟಾಗಿತ್ತು, ಉಳಿದದ್ದನ್ನು ಕಟ್ಟದಿದ್ದರೆ ಮುಂಗಡವೂ ಮುಳುಗುತ್ತಿತ್ತು. ಸುಂದರಾಬಾಯಿಯವರು ತುಳಸಿಕಟ್ಟೆಯ ಮುಂದೆ ಸುಮ್ಮನೆ ಕೂತಿರುವುದನ್ನು ಗಂಗರತ್ನಮ್ಮ ಓಣಿಯಿಂದ ನೋಡುವಳು, ನೋಡಿಯೂ ನೋಡದಂತೆ ಕೊಡ ಎತ್ತಿಕೊಂಡು ಬರುವಳು. ಬಿಡಿಯಾಗಿ ಮಾರುವ ಮಾತು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಚನ್ನರಾಯಪ್ಪ ಬಂದಾಗಲೆಲ್ಲ "ಇರು, ಅವಸರ ಮಾಡ್ಬೇಡ" ಎನ್ನುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ರಾಯರು ಮಾರಿದರು. ಇಡಿಯಾಗಿ ಮಾರಿದರು. ಚಿಂತಾಮಣಿಯ ಯಾರೋ ಕೊಂಡರಂತೆ ಎಂದು ಮೊದಲು ಸುದ್ದಿಯಾಯಿತು. ರಿಜಿಸ್ಟ್ರಿ ಆಫೀಸಿನ ಮುಂದೆ ಅನಸೂಯಮ್ಮನ ಗಂಡನಿಗೆ ಪೆಟ್ಟಿಗೆ ಅಂಗಡಿಯಿತ್ತು. ಅಂದು ಅವನು ಮಧ್ಯಾಹ್ನವೇ ಅಂಗಡಿ ಹಾಕಿಕೊಂಡು ಬಂದ. ಸುದ್ದಿಯನ್ನು ಅನಸೂಯಮ್ಮ ತಂದಳು. ಆಗ ಅವಳ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ.

"ಗಂಗರತ್ನ, ಕೂತ್ಕೋ. ಕ್ರಯ ಆಗಿರೋದು ಶ್ಯಾಮಲಮ್ಮ ಅನ್ನೋರ ಹೆಸರಿಗಂತೆ."

"ಯಾವ ಶ್ಯಾಮಲಮ್ಮ?"

"ನಿಮ್ಮತ್ತಿಗೆ ಕಣೇ. ಬೈರಕೂರಿನೋಳು."

ಗಂಗರತ್ನಮ್ಮ ಕೂರಲಿಲ್ಲ. ಒಲೆಯ ಮೇಲೆ ಹುರುಳಿ ಬೇಯುತ್ತಿತ್ತು, ಹೋಗಿ ಮುಚ್ಚಳ ತೆಗೆದು ನೋಡಿದಳು. ನಮ್ಮಣ್ಣ ಯಾಕೆ ಹೀಗೆ ಮಾಡಿರಬಹುದು ಎಂದು ಅವನ ಪರವಾಗಿಯೇ ಕಾರಣ ಹುಡುಕಿದಳು. ಬೇರೆಯವರಿಗೆ ಹೋಗದಿರಲಿ ಎಂದು ಹೆಂಡತಿಯ ಹೆಸರಲ್ಲಿ ಹಿಡಿದಿರಬೇಕು. ನಾಳೆ ನನ್ನ ಪಾಲು ನನಗೆ ಬರೆದುಕೊಡುತ್ತಾನೆ. ಹೀಗೆ ಅಂದುಕೊಂಡು ಎರಡು ದಿನ ತಳ್ಳಿದಳು.

ಸಾಮಾನು ಲಾರಿಗೆ ಏರಿದ ದಿನ ಸುಂದರಾಬಾಯಿಯವರು ಅಂಗಳಕ್ಕೆ ಬಂದು ಎಲ್ಲರಿಗೂ ಕುಂಕುಮ ಕೊಟ್ಟರು. ಗಂಗರತ್ನಮ್ಮನ ಮುಂದೆ ಬಂದು ಕುಂಕುಮದ ಕರಡಿಗೆಯ ಮುಚ್ಚಳ ಹಾಕಿದರು.

"ನೀನು ಬಾಣಂತಿಯಾಗಿದ್ದಾಗ ಮಡಿ ಬಿಟ್ಟು ನಿನಗೆ ಗಂಜಿ ಕಾಯಿಸಿಕೊಟ್ಟೆ ಗಂಗರತ್ನ. ನಿನಗೆ ಮನೆ ಬೇಕಿದ್ದರೆ ನನ್ನ ಕೇಳಬಹುದಿತ್ತು."

"ಅಮ್ಮಾವ್ರೇ, ನಮ್ಮಣ್ಣ ಹೇಳ್ದ…"

"ನಿಮ್ಮಣ್ಣ ಒಳ್ಳೆ ವ್ಯಾಪಾರಸ್ಥ. ನನಗೆ ಅವನ ಮೇಲೆ ಬೇಜಾರಿಲ್ಲ. ಅವನು ಹಾಗೇ ಅಂತ ಗೊತ್ತಿತ್ತು." ಅವರು ಲಾರಿಯ ಕಡೆ ನೋಡಿದರು. "ಒಂದು ಮಾತು ಕೇಳಿದ್ದರೆ ಈ ಮೂರನೇದನ್ನ ಮೊದಲು ನಿನಗೇ ಬರೆದುಕೊಟ್ಟು ಮಿಕ್ಕಿದ್ದು ಮಾರುತ್ತಿದ್ದೆವು. ರಾಯರು ಹಾಗೇ ಅಂದಿದ್ದರು ಕೂಡ."

ಲಾರಿ ಹೋಯಿತು. ಗಂಗರತ್ನಮ್ಮ ಸೆರಗು ಹೊದ್ದುಕೊಂಡು ಬೈರಕೂರಿನ ಬಸ್ಸು ಹತ್ತಿದಳು.

ಚನ್ನರಾಯಪ್ಪ ಜಗುಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಶ್ಯಾಮಲಮ್ಮ ನಾದಿನಿಯನ್ನು ನೋಡಿ ಒಳಗೆ ಹೋದವಳು ನೀರು ತರಲು ಬಹಳ ಹೊತ್ತು ಮಾಡಿದಳು.

"ನನ್ನ ಪೋರ್ಷನ್ನು ಯಾವತ್ತು ಬರ್ಕೊಡ್ತೀಯ ಅಣ್ಣಾ?"

"ಕೊಡಲ್ಲ ಅಂದ್ನಾ? ಈಗಿನ ರೇಟು ಕೊಡು, ನಾಳೇನೇ ಬರ್ಕೊಡ್ತೀನಿ."

"ಈಗಿನ ರೇಟು ಅಂದ್ರೆ?"

ಅವನು ಹೇಳಿದ. ಅದು ಅವಳ ಚಿನ್ನ, ಗಂಡನ ಉಳಿತಾಯ ಎರಡನ್ನೂ ಸೇರಿಸಿ ಮತ್ತೆ ಅಷ್ಟೇ ಸೇರಿಸಿದರೂ ಮುಟ್ಟದ ಬೆಲೆ.

"ನೀನು ಕೊಂಡಿದ್ದು ಅದಕ್ಕಲ್ವಲ್ಲ."

"ನಾನು ಕೊಂಡಿದ್ದು ಆಗಿಬರದ ಮನೇನ. ಈಗ ಹೋಮ ಮಾಡಿಸ್ತೀನಿ, ಸುಣ್ಣ ಹೊಡೆಸ್ತೀನಿ, ಬಿಡಿಯಾಗಿ ಮಾರ್ತೀನಿ. ಮಾರ್ಕೆಟ್ಟು ಅಂದ್ರೆ ಅದು ರತ್ನಾ. ನಿಂಗೆ ಗೊತ್ತಾಗಲ್ಲ."

"ಅರಿಶಿನ ಕುಂಕುಮ ಇಟ್ಟು ಹೇಳಿದ್ದೆ."

"ನಿನ್ನ ಹತ್ರ ಒಂದು ಕಾಸು ತಗೊಂಡಿದೀನಾ? ತಗೊಂಡಿದ್ರೆ ಹೇಳು, ಹತ್ತು ಜನದ ಮುಂದೆ ಹೇಳು. ಕಾಲಿಗೆ ಬೀಳ್ತೀನಿ."

ಅವತ್ತು ಅವನು ಕೈ ಹಿಂದಕ್ಕೆ ಕಟ್ಟಿಕೊಂಡದ್ದು ಯಾಕೆಂದು ಗಂಗರತ್ನಮ್ಮನಿಗೆ ಆಗ ತಿಳಿಯಿತು. ತಂಗಿಯ ಚಿನ್ನ ಮುಟ್ಟಬಾರದೆಂಬ ಮರ್ಯಾದೆ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಳು. ಏನೋ ಕೇಳಬೇಕೆಂದು ಬಾಯಿ ತೆರೆದಳು. ಅವನೇ ಹೊತ್ತ ಕೂಸಿನ ಮಾತು ಗಂಟಲಿನವರೆಗೆ ಬಂತು. ಆ ಮಾತನ್ನು ಒಂದು ಸಲ ಬಾವಿಕಟ್ಟೆಯಲ್ಲಿ ಆಡಿದ್ದಾಗಿತ್ತು. ಮತ್ತೊಮ್ಮೆ ಆಡುವುದು ಬೇಡವೆಂದು ಎದ್ದಳು. ಶ್ಯಾಮಲಮ್ಮ ನೀರು ತಂದಾಗ ಅವಳು ರಸ್ತೆಯಲ್ಲಿದ್ದಳು.

ಹೋಮವಾಯಿತು. ಹೊಗೆ ಮೂರು ಬೀದಿಗೆ ಕಾಣುವಂತೆ ಆಯಿತು. ಊಟಕ್ಕೆ ಊರವರು ಬಂದರು. ಅಂದಿನಿಂದ ಚನ್ನರಾಯಪ್ಪ ಕೊಳ್ಳುವವರಿಗೆ ಒಂದು ಹೊಸ ಮಾತು ಹೇಳತೊಡಗಿದ. ಅದು ಅನಸೂಯಮ್ಮನ ಕಿವಿಗೆ ಬಿತ್ತು, ಅವಳು ಅದನ್ನು ಗಂಗರತ್ನಮ್ಮನಿಗೆ ಹೇಳಲಿಲ್ಲ. ಹೇಳಿದವಳು ವೆಂಕಟರತ್ನಮ್ಮ.

ರಾಯಲ್ಪಾಡಿನ ಗಂಡ ಹೆಂಡಿರು ಮಾವಿನ ಹೂವಿನ ಕಾಲದಲ್ಲಿ ಮತ್ತೆ ಬಂದರು. ಈ ಸಲ ಅವರು ಕೇಳಿದ್ದು ಒಂದೇ ಪೋರ್ಷನ್ನು, ಮೂರನೆಯದು. ಬಾವಿಗೆ ಹತ್ತಿರ, ಬಿಸಿಲು ಚೆನ್ನಾಗಿ ಬೀಳುತ್ತದೆ. ಮಗಳಿಗೆ ತವರಿನಲ್ಲೇ ಹೆರಿಗೆಯಾಗಿತ್ತು, ಗಂಡುಮಗು. ವೆಂಕಟರತ್ನಮ್ಮ ಒಬ್ಬಳೇ ಒಳಗೆ ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಳು.

"ಬೇಜಾರು ಮಾಡ್ಕೋಬೇಡಕ್ಕಾ. ನಿಮ್ಮಣ್ಣಾನೇ ಹೇಳ್ದ. ದೋಷ ಮನೇದಲ್ಲ, ನಮ್ಮ ರತ್ನನ ಹೊಟ್ಟೇದು ಅಂತ. ನಂಗೆ ಅದು ಸರಿ ಕಾಣಲಿಲ್ಲ. ನಿನ್ನ ಬಾಯಿಂದಲೇ ಕೇಳೋಣ ಅಂತ ಬಂದೆ. ಮನೇದಾ, ನಿಂದಾ?"

ಗಂಗರತ್ನಮ್ಮ ಚಾಪೆಯ ಮಡಿಸಿದ ಅಂಚನ್ನು ಸರಿಮಾಡಿದಳು. ಮನೆಯದೇ ಎಂದು ಒಂದು ಮಾತು ಅಂದರೆ ಸಾಕಿತ್ತು. ರಾಯಲ್ಪಾಡಿನವರು ಎದ್ದು ಹೋಗುತ್ತಿದ್ದರು, ಹಿಂದೆಯೇ ಊರೂ ಹೋಗುತ್ತಿತ್ತು, ಹೋಮದ ತುಪ್ಪ ಬೂದಿಯಾಗುತ್ತಿತ್ತು. ಚನ್ನರಾಯಪ್ಪನ ಕೈಯಲ್ಲಿ ವಠಾರ ಕೊಳೆತ ಬದನೆಕಾಯಿಯಂತೆ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ಮೇಲೆ ಬಂದು ಕೂತದ್ದೂ ನಿಜ. ಹೊರಗೆ ಅಂಗಳದಲ್ಲಿ ಅನಸೂಯಮ್ಮನ ಕಿರಿಯವಳು ಬಿದ್ದು ಅಳುತ್ತಿದ್ದಳು.

"ಮನೇಗೆ ಏನೂ ದೋಷ ಇಲ್ಲಮ್ಮ," ಎಂದಳು. "ನಂಗೂ ಇಲ್ಲ. ಮೊದಲನೇದಕ್ಕೆ ಸೂಲಗಿತ್ತಿ ತಡವಾಗಿ ಬಂದ್ಲು. ಎರಡನೇದಕ್ಕೆ ಬಸ್ಸು ಬರಲಿಲ್ಲ. ಅವತ್ತು ನಾನು ಅಷ್ಟನ್ನೂ ಹೇಳ್ಬೇಕಿತ್ತು. ಅರ್ಧ ಹೇಳ್ದೆ. ಅರ್ಧ ಹೇಳಿಸಿದ್ದು ನಮ್ಮಣ್ಣ. ನಿಮ್ಮನ್ನ ಓಡಿಸಿ, ಬೆಲೆ ಇಳಿಸಿ, ತಾನು ಕೊಂಡ. ಅವನು ಇಡೀ ವಠಾರಕ್ಕೆ ಎಷ್ಟು ಕೊಟ್ಟ ಅಂತ ರಾಯರನ್ನ ಕೇಳಿ, ಆಮೇಲೆ ಈ ಮೂರನೇದಕ್ಕೆ ಎಷ್ಟು ಕೇಳ್ತಿದಾನೆ ಅಂತ ನೋಡಿ."

ವೆಂಕಟರತ್ನಮ್ಮ ಎದ್ದು ಹೋಗಿ ಗಂಡನಿಗೆ ಹೇಳಿದಳು. ಆಂಜಿನಪ್ಪ ಒಳಗೆ ಬಂದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ನಡುವೆ ಒಂದು ಸಲ ತಲೆಯಾಡಿಸಿದ, ಒಂದು ಸಲ ನಕ್ಕ.

"ಜಾಣ ನಿಮ್ಮಣ್ಣ," ಎಂದ. "ನಾವು ಮಾವಿನಕಾಯಿನ ಹಿಂಗೇ ಕೊಳ್ತೀವಮ್ಮ. ಹುಳ ಬಿದ್ದಿದೆ ಅಂತ ಒಬ್ಬನ ಕೈಲಿ ಅನ್ನಿಸ್ತೀವಿ, ಆಮೇಲೆ ನಾವು ಹೋಗಿ ಕೇಳ್ತೀವಿ. ಅವನು ಎಷ್ಟಕ್ಕೆ ತಗೊಂಡ ಅನ್ನೋದು ಅವನ ಅದೃಷ್ಟ. ಮುಂದಿನ ವರ್ಷ ಇದೇ ಪೋರ್ಷನ್ನು ಇನ್ನೂ ಏರುತ್ತೆ. ದೋಷ ಇಲ್ಲ ಅಂತ ನೀನೇ ಅಂದ್ಯಲ್ಲ, ನಂಗೆ ಅಷ್ಟು ಸಾಕು."

ಅವತ್ತೇ ಮುಂಗಡ ಕೊಟ್ಟರು. ವೆಂಕಟರತ್ನಮ್ಮ ಹೋಗುವಾಗ, ಅವಸರವಿಲ್ಲ ಅಕ್ಕಾ, ಯುಗಾದಿಯವರೆಗೆ ಇರು ಎಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಗಂಗರತ್ನಮ್ಮ ತಲೆಯಾಡಿಸಿದಳು. ಅವಳ ಮಾತು ನಂಬಿಯೇ ಅವರು ಕೊಂಡಿದ್ದರು. ಅಣ್ಣನ ಬಗ್ಗೆ ಆಡಿದ ಮಾತನ್ನೂ ನಂಬಿದ್ದರು. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಯುಗಾದಿಗೆ ಮುಂಚೆಯೇ ಗಂಡ ಹೆಂಡತಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಹಿಡಿದರು. ತಗಡಿನ ಸೂರು. ಬಾವಿಯಿಲ್ಲ, ಬೀದಿಯ ನಲ್ಲಿ. ಕೋದಂಡರಾಮಪ್ಪ ಮಂಡಿಗೆ ರಜೆ ಹೇಳಿ ಬಂದು ತಳ್ಳುಗಾಡಿಯಲ್ಲಿ ಸಾಮಾನು ಸಾಗಿಸಿದ. ಹಳೆಯ ಮನೆಯಿಂದ ಕಡೆಯ ಸಲ ಹೊರಡುವಾಗ ಗಂಗರತ್ನಮ್ಮ ನಡುಮನೆಯ ತೊಲೆಯನ್ನು ನೋಡಿದಳೋ ಇಲ್ಲವೋ ಅವನು ಗಮನಿಸಲಿಲ್ಲ. ಅವನು ಬೀಸುವ ಕಲ್ಲನ್ನು ಹೊರಗೆ ಉರುಳಿಸುತ್ತಿದ್ದ.

ಹೊಸ ಮನೆಯಲ್ಲಿ ಮೊದಲ ಒಲೆ ಹೊತ್ತಿದಾಗ ಹೊತ್ತು ಮಧ್ಯಾಹ್ನ ಮೀರಿತ್ತು. ತಗಡು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಎಸರು ಮರಳುತ್ತಿತ್ತು. ಗಂಗರತ್ನಮ್ಮ ರಾಗಿ ಹಿಟ್ಟು ಸುರಿದಳು.

"ನಾನೊಂದ್ಸಲ ಬೈರಕೂರಿಗೆ ಹೋಗಿ ಮಾತಾಡ್ಲಾ?" ಎಂದು ಕೋದಂಡರಾಮಪ್ಪ ಕೇಳಿದ. "ಹತ್ತು ಜನಾನ ಸೇರ್ಸಿ ಕೇಳೋಣ."

"ಕೇಳಿದ್ರೆ ಕಾಸು ತಗೊಂಡಿದೀನಾ ಅಂತಾನೆ."

"ಅವತ್ತು ಕೂಸು ಹೋದಾಗ ಬಾಗಿಲಲ್ಲಿ ಕೂತು ಅಳ್ತಿದ್ನಲ್ಲ. ಅದೂ ಸುಳ್ಳೇನೋ."

"ಅದು ಸುಳ್ಳಲ್ಲ," ಎಂದಳು ಗಂಗರತ್ನಮ್ಮ. "ಅಳ್ತಿದ್ದ. ನಾನು ನೋಡಿದೀನಿ." ಸೆರಗಿನಿಂದ ಹಣೆ ಒರೆಸಿಕೊಂಡಳು. "ಅದೇ ಕಣ್ರೀ ಅರ್ಥ ಆಗದೆ ಇರೋದು."

ಪಾತ್ರೆ ಅಲುಗದಂತೆ ಅವಳು ಕವೆಗೋಲನ್ನು ಎರಡು ಕಾಲಿನಿಂದಲೂ ಒತ್ತಿ ಹಿಡಿದು, ಮುದ್ದೆಕೋಲಿನಿಂದ ಹಿಟ್ಟನ್ನು ತಿರುವತೊಡಗಿದಳು. ಗಂಟಾಗಿದ್ದ ಕಡೆ ಪಾತ್ರೆಯ ಅಂಚಿಗೆ ಒತ್ತಿ ಒಡೆದಳು. ಸ್ವಲ್ಪ ನೀರು ಚಿಮುಕಿಸಿ ಮುಚ್ಚಳ ಹಾಕಿದಳು, ಕಾದಳು, ತೆಗೆದು ಮತ್ತೆ ತಿರುವಿದಳು. ಮಣೆಗೆ ನೀರು ಸವರಿ, ಬಿಸಿ ಹಿಟ್ಟನ್ನು ಸೌಟಿನಿಂದ ಹಾಕಿ, ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದಳು. ಒಂದು ಅವನ ತಟ್ಟೆಗೆ, ಒಂದು ತನ್ನ ತಟ್ಟೆಗೆ.